ಐದನೆಯವನು ಬಂದ ದಿನ

ಈ ಹೊತ್ತು ತಾನು ಒಂದೇ ಆಟ ಆಡುತ್ತೇನೆ ಎಂದು ಮಾನ್ವಿಯಲ್ಲಿ ಬಸ್ಸು ಹತ್ತಿದಾಗಿನಿಂದ ನಯೀಮ್ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ. ಎಲ್ಲರ ಹಾಗೆ ಒಂದೇ ಆಟ. ಗೆದ್ದರೆ ಗೆದ್ದ, ಸೋತರೆ ಸೋತ, ಸ್ಟಿಕ್ಕನ್ನು ಗೋಡೆಗೆ ಒರಗಿಸಿ ಬೆಂಚಿನ ಮೇಲೆ ಕೂತು, ಉಳಿದವರ ಆಟವನ್ನು ಕಾಲ ಮೇಲೆ ಕಾಲು ಹಾಕಿಕೊಂಡು ನೋಡುವುದು. ನಲವತ್ತರ ಹತ್ತಿರ ಬಂದ, ಮಕ್ಕಳೊಂದಿಗನಾದ ಗಂಡಸು ದೇವರ ಹತ್ತಿರ ಬೇಡಿಕೊಳ್ಳುವ ವರವೇ ಇದು ಎಂದು ಅವನಿಗೇ ನಾಚಿಕೆಯಾಯಿತು. ಆದರೂ ಬೇಡಿಕೊಂಡ. ಪಕ್ಕದಲ್ಲಿ ತಂಡದ ಕ್ಯಾಪ್ಟನ್ ಅಂಬರೀಶ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದ. ಹಿಂದಿನ ಸೀಟಿನಲ್ಲಿ ತಂಡದ ಉಳಿದಿಬ್ಬರು, ಸಿರವಾರದ ಅಣ್ಣತಮ್ಮಂದಿರು, ಒಂದೇ ಫೋನಿನಲ್ಲಿ ಏನನ್ನೋ ನೋಡಿ ನಗುತ್ತಿದ್ದರು. ಅವರು ನಕ್ಕಾಗಲೆಲ್ಲ ಅದು ತನ್ನನ್ನು ಕುರಿತೇ ಇರಬೇಕು ಎಂದು ನಯೀಮನಿಗೆ ಅನ್ನಿಸುತ್ತಿತ್ತು. ಹಾಗೆ ಅನ್ನಿಸುವುದು ತಪ್ಪೆಂದು ಗೊತ್ತಿತ್ತು, ಗೊತ್ತಿದ್ದರಿಂದ ಏನೂ ಪ್ರಯೋಜನವಾಗಲಿಲ್ಲ.

ರಾಯಚೂರಿನ ಅಲ್ಲಾಉದ್ದೀನ್ ಸಾಹೇಬರ ಪೂಲ್ ಪಾರ್ಲರಿನಲ್ಲಿ ಭಾನುವಾರ ಭಾನುವಾರ ನಡೆಯುವ ಲೀಗು ಅದು. ಊರಿಗೊಂದು ತಂಡ, ತಂಡಕ್ಕೆ ಐದು ಜನ, ಒಬ್ಬೊಬ್ಬರಿಗೆ ಒಂದೊಂದು ಆಟ. ತನ್ನ ಪಾಲಿನ ಬಾಲುಗಳನ್ನೆಲ್ಲ ಪಾಕೆಟ್ಟಿಗೆ ಹಾಕಿ ಕೊನೆಗೆ ಕರಿ ಬಾಲು ಹಾಕಿದವನು ಗೆದ್ದಂತೆ. ಮಾನ್ವಿ ತಂಡಕ್ಕೆ ಹೆಸರಿಗೆ ಐದು ಜನ, ಬರುವವರು ನಾಲ್ಕೇ. ಐದನೆಯವನಾದ ಗಡಿಗೆಪ್ಪ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸಕ್ಕಿದ್ದ, ಅವನಿಗೆ ಭಾನುವಾರ ಬಿಡುವು ಸಿಗುತ್ತಿರಲಿಲ್ಲ. ಆಳು ಕಮ್ಮಿ ಬಿದ್ದ ತಂಡಕ್ಕೆ ಅನ್ಯಾಯ ಆಗಬಾರದೆಂದು ಸಾಹೇಬರು ಒಂದು ನಿಯಮ ಮಾಡಿದ್ದರು: ಇದ್ದವರಲ್ಲೇ ಒಬ್ಬ ಎರಡು ಸಲ ಆಡಬಹುದು. ಆದರೆ ಯಾರು ಆಡಬೇಕೆಂದು ಹೇಳುವವನು ಎದುರು ತಂಡದ ಕ್ಯಾಪ್ಟನ್. ಕೇಳುವುದಕ್ಕೆ ನ್ಯಾಯವಾಗಿಯೇ ಇತ್ತು. ಎದುರಿನವನು ಯಾರನ್ನು ಆರಿಸುತ್ತಾನೆ, ನಾಲ್ವರಲ್ಲಿ ದಡ್ಡನನ್ನು ತಾನೆ? ಮೊದಲ ಭಾನುವಾರ ಶಕ್ತಿನಗರದ ಕ್ಯಾಪ್ಟನ್ ನಾಲ್ವರ ಮೇಲೂ ಕಣ್ಣಾಡಿಸಿ, ಮದುವೆ ಮನೆಯಲ್ಲಿ ಹಿರಿಯರನ್ನು ಊಟಕ್ಕೆ ಎಬ್ಬಿಸುವವನ ಹಾಗೆ ಬೆಲ್ಲದಂಥ ದನಿಯಲ್ಲಿ, "ನಯೀಮ್ ಭಾಯ್ ಆಡ್ಲಿ ಬಿಡ್ರಿ ಇನ್ನೊಮ್ಮಿ, ಅವರಿಗಿ ಆಟ ಅಂದ್ರ ಜೀವ" ಎಂದಿದ್ದ. ಎಲ್ಲರೂ ನಕ್ಕರು. ನಯೀಮನೂ ನಕ್ಕ. ಎರಡು ಸಲ ಆಡಿ ಎರಡು ಸಲ ಸೋತ. ಮುಂದಿನ ವಾರ ಬೇರೆ ಕ್ಯಾಪ್ಟನ್ ಬೇರೆ ಮಾತಿನಲ್ಲಿ ಅದನ್ನೇ ಹೇಳಿದ. ಆಮೇಲೆ ಯಾರೂ ಆರಿಸುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. ನಾಲ್ಕು ಆಟ ಮುಗಿಯುತ್ತಲೂ ಎಲ್ಲರ ಮುಖ ತಾವಾಗಿಯೇ ಅವನ ಕಡೆ ತಿರುಗುತ್ತಿದ್ದವು. ಅವನು ಎದ್ದು ಸ್ಟಿಕ್ಕಿನ ತುದಿಗೆ ಚಾಕ್ ಉಜ್ಜಿಕೊಳ್ಳುತ್ತಿದ್ದ.

ಎಲ್ಲರಿಗಿಂತ ಹೆಚ್ಚು ಆಡಿದವನು ಅವನೇ, ಎಲ್ಲರಿಗಿಂತ ಹೆಚ್ಚು ಸೋತವನೂ ಅವನೇ. ಹೆಂಡತಿ ಯಾಸ್ಮೀನ್ ಒಂದು ರಾತ್ರಿ ಊಟಕ್ಕೆ ಬಡಿಸುತ್ತ, ಅಷ್ಟು ಹೊತ್ತು ಆಡುತ್ತೀರಂತೆ, ಹಾಗಾದರೆ ನೀವೇ ಅಲ್ಲವೇ ಎಲ್ಲರಿಗಿಂತ ಚಲೋ ಆಡುವವರು ಎಂದು ಕೇಳಿದ್ದಳು. ಅವಳ ಕಣ್ಣಲ್ಲಿ ಚೇಷ್ಟೆ ಇರಲಿಲ್ಲ, ನಿಜವಾಗಿ ಹಾಗೇ ತಿಳಿದಿದ್ದಳು. ಅವನು ಹೂಂ ಎಂದುಬಿಟ್ಟ. ಅಣ್ಣ ಜಹೀರುದ್ದೀನನ ಚಪ್ಪಲಿ ಅಂಗಡಿಯಲ್ಲೂ ಅಷ್ಟೇ. ಉದ್ದರಿ ಬಾಕಿ ಕೇಳಲು ಯಾರು ಹೋಗಬೇಕು, ನಯೀಮ್ ಹೋಗಲಿ. ಮಾಲು ಹರಿದುಹೋಯಿತೆಂದು ಕೂಗಾಡಲು ಬಂದ ಗಿರಾಕಿಯ ಮುಂದೆ ಯಾರು ನಿಲ್ಲಬೇಕು, ನಯೀಮ್ ನಿಲ್ಲಲಿ. ತಾಯಿ ಬಡೇಬೀ ಬಂದವರಿಗೆಲ್ಲ ಹೆಮ್ಮೆಯಿಂದ "ಹಮಾರಾ ನಯೀಮ್ ಬಹುತ್ ಸೀದಾ ಹೈ" ಎಂದು ಹೇಳುತ್ತಿದ್ದಳು. ಸೀದಾ ಇದ್ದವನು ಬಗ್ಗಿಯೇ ಇರುತ್ತಾನೆ, ಬಗ್ಗಿದವನಿಗೆ ಒಂದು ಗುದ್ದು ಜಾಸ್ತಿ ಎಂದು ಅವಳಿಗೆ ಯಾರು ಹೇಳಬೇಕು? ಹೋದ ಭಾನುವಾರ ಅವನು ಎಲ್ಲರೂ ಹೋಗುವವರೆಗೆ ಕಾದು, ಅಲ್ಲಾಉದ್ದೀನ್ ಸಾಹೇಬರ ಟೇಬಲ್ಲಿನ ಮುಂದೆ ನಿಂತು, ತನಗೇ ಆಶ್ಚರ್ಯವಾಗುವಷ್ಟು ಮಾತಾಡಿದ್ದ. ಈ ನಿಯಮ ಸರಿಯಿಲ್ಲ, ಎದುರಿನವರು ನಮ್ಮವರಲ್ಲಿ ಒಬ್ಬನನ್ನು ಬೆರಳು ಮಾಡಿ ತೋರಿಸುವುದು ಯಾವ ನ್ಯಾಯ, ಆಳು ಕಮ್ಮಿಯಿದ್ದವರಿಗೆ ತಕ್ಕಂತೆ ಆಳು ಪೂರಾ ಇದ್ದವರೇ ತಮ್ಮವನೊಬ್ಬನನ್ನು ಆಡಿಸದೆ ಬೆಂಚಿನ ಮೇಲೆ ಕೂಡಿಸಲಿ, ನಾಲ್ಕಕ್ಕೆ ನಾಲ್ಕು ಆಡಲಿ, ಸಮಬಲ ಅಂದರೆ ಅದು ಎಂದೆಲ್ಲ. ಇಬ್ಬರೂ ಮನೆಮಾತು ದಖನಿಯಲ್ಲೇ ಮಾತಾಡುತ್ತಿದ್ದುದರಿಂದಲೋ ಏನೋ ಅವನ ನಾಲಗೆ ಎಲ್ಲೂ ತಡವರಿಸಲಿಲ್ಲ. ತನ್ನ ಹೆಸರನ್ನು ಮಾತ್ರ ಒಮ್ಮೆಯೂ ಎತ್ತಲಿಲ್ಲ. ಸಾಹೇಬರು ಕನ್ನಡಕ ತೆಗೆದು ಅವನನ್ನು ನೋಡಿ, ಇಷ್ಟು ದಿನ ಇದು ಯಾರಿಗೂ ಹೊಳೆಯಲಿಲ್ಲವಲ್ಲ, ಮುಂದಿನ ವಾರದಿಂದ ಹಾಗೇ ಮಾಡೋಣ ಎಂದರು. ನಯೀಮ್ ಎರಡೆರಡು ಮೆಟ್ಟಿಲು ಹಾರಿ ಬೀದಿಗೆ ಇಳಿದ. ಆ ರಾತ್ರಿ ಮನೆಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ತಿಂದ.

ಕುರ್ಡಿ ಕ್ರಾಸಿನಲ್ಲಿ ಬಸ್ಸು ನಿಂತಾಗ ಅಂಬರೀಶ ಎಚ್ಚರಾಗಿ, ಬಾಯಿ ಒರೆಸಿಕೊಂಡು, "ಇವತ್ತ ಗೆಲ್ಲಬೇಕ್ರಿ ಭಾಯ್. ಗೆಲ್ಲಲಿಲ್ಲಂದ್ರ ಬರೋ ವರ್ಷ ಲೀಗಿನಾಗ ನಮ್ಮನ್ನ ಇಟಗೊಳ್ಳಂಗಿಲ್ಲ" ಎಂದ. ಅಂಬರೀಶನ ಅಪ್ಪನದು ಮಾನ್ವಿಯಲ್ಲಿ ಅಕ್ಕಿ ಗಿರಣಿ. ಗಿರಣಿಯ ಹಿಂದಿನ ಗೋಡೌನಿನಲ್ಲಿ ಯಾರೋ ಬಿಟ್ಟುಕೊಟ್ಟ ಹಳೇ ಟೇಬಲ್ಲೊಂದನ್ನು ಹಾಕಿಕೊಂಡು ಅವರೆಲ್ಲ ಆಟ ಕಲಿತಿದ್ದರು. ಹಸಿರು ಬಟ್ಟೆಯ ಮೇಲೆ ಸದಾ ತೌಡಿನ ಧೂಳು. ನೆಲ ಕುಸಿದು ಟೇಬಲ್ಲು ಎಡಕ್ಕೆ ವಾಲಿತ್ತು. ಮೆಲ್ಲಗೆ ಹೊಡೆದ ಬಾಲು ಎಡಗಡೆಗೆ ಜಾರುತ್ತಿತ್ತು. ಹೊಡೆಯುವಾಗ ತುಸು ಬಲಕ್ಕೆ ಹಿಡಿದು ಹೊಡೆಯುವುದು ಮಾನ್ವಿಯವರಿಗೆಲ್ಲ ರೂಢಿ. ರಾಯಚೂರಿಗೆ ಬಂದರೆ ಉಳಿದವರ ಕೈ ತಾನಾಗಿ ಆ ರೂಢಿ ಮರೆಯುತ್ತಿತ್ತು. ನಯೀಮನ ಕೈ ಮರೆಯುತ್ತಿರಲಿಲ್ಲ. ಅಂಬರೀಶ ಮತ್ತೆ ಕಣ್ಣು ಮುಚ್ಚಿ, "ಗಡಿಗೆಪ್ಪ ಬರ್ತೀನಂತ ಫೋನ್ ಮಾಡ್ಯಾನ. ಐದೂ ಮಂದಿ ಆದ್ವಿ" ಎಂದ. ಗೊತ್ತಿದ್ದ ಸುದ್ದಿಯೇ, ಆದರೂ ಇನ್ನೊಮ್ಮೆ ಕೇಳಿ ನಯೀಮನ ಎದೆ ಹಗುರಾಯಿತು. ಹೊರಗೆ ನಾಟಿ ಮಾಡಿದ ಗದ್ದೆಗಳಲ್ಲಿ ನೀರು ನಿಂತು ಬಿಸಿಲಿಗೆ ಮಿಂಚುತ್ತಿತ್ತು.

ಪಾರ್ಲರಿನ ಕೆಳಗಿನ ಚಹಾದ ಅಂಗಡಿಯ ಮುಂದೆ ಗಡಿಗೆಪ್ಪ ಕೂತಿದ್ದ. ಕಣ್ಣು ಕೆಂಡದ ಹಾಗೆ ಕೆಂಪಾಗಿದ್ದವು. ಉಗುರಿನ ಸಂದಿಯಲ್ಲಿ, ಕಿವಿಯ ಹಿಂದೆ ಕಲ್ಲಿದ್ದಲಿನ ಮಸಿ ಹಾಗೇ ಇತ್ತು. ನಯೀಮನನ್ನು ಕಂಡು ಎದ್ದು ನಿಂತು, ಕೂತಿದ್ದ ಕಡೆ ಅವನಿಗೆ ಜಾಗ ಮಾಡಿಕೊಟ್ಟ. ಉಳಿದವರು ಮೇಲೆ ಹೋದರು.

"ಏನ್ಲೇ, ಕಣ್ಣ ಹಿಂಗ್ಯಾಕ ಆಗ್ಯಾವ?" ಎಂದ ನಯೀಮ್.

"ನಿದ್ದಿ ಇಲ್ಲಣ್ಣ. ನಿನ್ನಿ ಹಗಲು ನಂದ ಪಾಳಿ, ರಾತ್ರಿ ಇನ್ನೊಬ್ಬಂದು ಮಾಡಿದೆ. ಅಂವ ಇವತ್ತ ನಂದು ಮಾಡಾಕತ್ತಾನ. ಹಂಗ ಮಾಡಿದ್ದಕ್ಕ ಬಿಟ್ರು."

"ಅಷ್ಟ ತ್ರಾಸ ತಗೊಂಡು ಬರೋದೇನಿತ್ತು?"

ಗಡಿಗೆಪ್ಪ ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತ ಹೇಳಿದ. "ನಿನ್ನ ಎರಡೆರಡ ಸಲ ಆಡಸ್ತಾರಂತಲ್ಲಣ್ಣ. ಶಕ್ತಿನಗರ ಟೀಮಿನವರು ನಮ್ಮ ಕ್ಯಾಂಟೀನ್‌ನಾಗ ಅದನ್ನ ಹೇಳ್ಕೋತ ನಗಾಕತ್ತಿದ್ರು. ನನಗ ಕೇಳಲಿಕ್ಕಿ ಆಗಲಿಲ್ಲ. ನಾ ಬರಂಗಿಲ್ಲಂತ ನಿನಗ ಹಂಗ ಆಗ್ತದ. ಅದಕ್ಕ ಬಂದೆ."

ನಯೀಮ್ ತಾನು ಇಷ್ಟು ದಿನ ಬಚ್ಚಿಟ್ಟುಕೊಂಡಿದ್ದೇನೆ ಎಂದುಕೊಂಡಿದ್ದ ಅವಮಾನ ಶಕ್ತಿನಗರದ ಕ್ಯಾಂಟೀನಿನವರೆಗೆ ನಡೆದುಹೋಗಿತ್ತು. ಅದನ್ನು ಕೇಳಿ ನಗದೆ ಇದ್ದವನು ಇಡೀ ಜಿಲ್ಲೆಯಲ್ಲಿ ಈ ಒಬ್ಬನೇ ಇರಬೇಕು. ಅವನ ಭುಜದ ಮೇಲೆ ಕೈ ಹಾಕಬೇಕೆನ್ನಿಸಿತು. ಜೊತೆಗೇ, ಇವನಿಗೆ ಇದು ತಿಳಿಯಬಾರದಿತ್ತು ಎಂಬ ಸಣ್ಣ ಸಿಟ್ಟೂ ಬಂತು. ಗಡಿಗೆಪ್ಪ ಚಹಾ ಮುಗಿಸಿ, "ಒಂದ ಮಾತು ಹೇಳ್ಲೇನಣ್ಣ? ಇಲ್ಲಿ ಟೇಬಲ್ಲು ಸಪಾಟ ಅದ. ನೀ ಬಲಕ್ಕ ಹಿಡಿಬ್ಯಾಡ. ಗೋಡೌನಂತ ಮರತುಬಿಡು, ಕಣ್ಣಿಗಿ ಕಂಡಲ್ಲಿ ಸೀದಾ ಹೊಡಿ" ಎಂದ. ಹೇಳಿದ್ದು ಹೆಚ್ಚಾಯಿತೇನೋ ಎಂದು ತಾನೇ ನಾಚಿಕೊಂಡ.

ಮೇಲೆ ಹೋದರೆ ದೇವದುರ್ಗದ ತಂಡದವರು ಆಗಲೇ ಬಂದು ಬೆಂಚಿನ ಮೇಲೆ ಕೂತಿದ್ದರು. ನಯೀಮ್ ಅಭ್ಯಾಸಬಲದಿಂದ ಎಣಿಸಿದ. ಇನ್ನೊಮ್ಮೆ ಎಣಿಸಿದ. ನಾಲ್ಕೇ ಜನ. "ನಮ್ಮ ಶಕೀಲನ ಮನ್ಯಾಗ ಲಗ್ನ ರೀ, ಅಂವ ಬರಂಗಿಲ್ಲ" ಎಂದು ತಂಡದ ಹಿರಿಯರಾದ ಶರಣಯ್ಯ ತಾತ ಯಾರೂ ಕೇಳದಿದ್ದರೂ ಎಲ್ಲರಿಗೂ ಹೇಳುತ್ತಿದ್ದರು. ಹಣೆಗೆ ವಿಭೂತಿ, ಕಣ್ಣಿಗೆ ಆಪರೇಷನ್ ಮಾಡಿಸಿಕೊಂಡವರ ಕರಿ ಕನ್ನಡಕ. ನಿವೃತ್ತಿಯಾದ ಮೇಲೆ ಹೊತ್ತು ಹೋಗದೆ ಆಟ ಕಲಿತವರು. ನಯೀಮ್ ಬಿಟ್ಟರೆ ಲೀಗಿನಲ್ಲಿ ಹೆಚ್ಚು ಸೋತವರು ಅವರೇ. ಹಳೆಯ ನಿಯಮ ಇದ್ದಿದ್ದರೆ ಈಗ ಅಂಬರೀಶ ಬೆಲ್ಲದಂಥ ದನಿಯಲ್ಲಿ ತಾತನ ಹೆಸರು ಹೇಳುತ್ತಿದ್ದ, ತಾತ ಎರಡು ಸಲ ಆಡಿ ಎರಡು ಸಲ ಸೋಲುತ್ತಿದ್ದರು, ಮಾನ್ವಿ ಗೆಲ್ಲುತ್ತಿತ್ತು, ನಯೀಮ್ ಒಂದು ಆಟ ಆಡಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿರುತ್ತಿದ್ದ. ಇದೆಲ್ಲ ಅವನ ತಲೆಯಲ್ಲಿ ಒಂದೇ ಗಳಿಗೆಯಲ್ಲಿ ಓಡಿತು. ಮಾಡಿದ್ದುಣ್ಣೋ ಮಹರಾಯ ಎಂದು ಯಾರೋ ಒಳಗಿನಿಂದಲೇ ಅಂದಂತಾಯಿತು.

ಅಲ್ಲಾಉದ್ದೀನ್ ಸಾಹೇಬರು ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದರು. "ಕೇಳ್ರಿ, ಇವತ್ತಿಂದ ಹೊಸಾ ಕಾಯ್ದೆ. ಆಳು ಕಮ್ಮಿ ಬಿದ್ದೋರು ಎರಡ ಸಲ ಆಡಂಗಿಲ್ಲ. ಪೂರಾ ಇದ್ದೋರು ತಮ್ಮೋರೊಬ್ಬರನ್ನ ಹೊರಗ ಕೂಡಿಸಬೇಕು. ನಾಕಕ್ಕ ನಾಕು. ಇದು ನಮ್ಮ ನಯೀಮ್ ಭಾಯ್ ಹೇಳಿದ್ದು. ದಿಲ್ ಇರೋ ಮನಷ್ಯಾ."

ದೇವದುರ್ಗದವರು ಚಪ್ಪಾಳೆ ತಟ್ಟಿದರು. ಶರಣಯ್ಯ ತಾತ ಎದ್ದು ಬಂದು ನಯೀಮನ ಎರಡೂ ಕೈ ಹಿಡಿದುಕೊಂಡು, "ಚಲೋ ಮಾಡಿದ್ರಿ ಯಪ್ಪಾ. ನಾ ರಾತ್ರಿಯೆಲ್ಲಾ ಅಂಜಿಕೊಂಡಿದ್ದೆ, ನನ್ನ ಹೆಸರ ತಗೀತಾರಂತ" ಎಂದರು. ನಯೀಮ್ ನಕ್ಕ. ಮುಖದ ನರಗಳು ನಗುವುದನ್ನು ಮರೆತಿರಲಿಲ್ಲ. ತಿರುಗಿ ನೋಡಿದರೆ ತನ್ನ ತಂಡದವರು ಯಾರೂ ತನ್ನನ್ನು ನೋಡುತ್ತಿರಲಿಲ್ಲ. ಸಿರವಾರದ ಅಣ್ಣತಮ್ಮಂದಿರು ಫೋನು ಜೇಬಿಗೆ ಹಾಕಿಕೊಂಡು ಟೇಬಲ್ಲಿನ ಕಾಲು ನೋಡುತ್ತಿದ್ದರು. ಅಂಬರೀಶ ಚಾಕಿನ ತುಂಡನ್ನು ಬೆರಳಲ್ಲಿ ತಿರುಗಿಸುತ್ತಿದ್ದ. ನೋಡದೆ ಇರುವುದು ಇಷ್ಟು ಜೋರಾಗಿ ಕೇಳಿಸುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಇಷ್ಟು ದಿನ ಹೊರಗಿನವರು ಬೆರಳು ತೋರಿಸಿದ್ದರು, ಅದನ್ನು ಹೊರಗಿನವರ ಚಾಲಾಕಿ ಎಂದುಕೊಳ್ಳಬಹುದಿತ್ತು. ಈಗ ತನ್ನವರು ಹೇಳಬೇಕಾಗಿತ್ತು. ಅವರು ಒಳ್ಳೆಯವರು, ಹೇಳಲಾರರು, ಆದ್ದರಿಂದ ತಾನೇ ಹೇಳಲೆಂದು ಕಾಯುತ್ತಿದ್ದರು.

"ಭಾಯ್," ಎಂದ ಅಂಬರೀಶ ಕೊನೆಗೆ, ಚಾಕಿನಿಂದ ಕಣ್ಣೆತ್ತದೆ, "ಕಾಯ್ದೆ ನಿಮ್ದ ಅಂತಾರ. ನೀವ ಹೇಳ್ರಿ, ಯಾರು ಕೂಡಬೇಕು?"

ನಾ ಕೂಡ್ತೀನಿ. ಎರಡೇ ಶಬ್ದ. ನಾಲಗೆಯ ಮೇಲೆ ಬಂದು ಕೂತಿದ್ದವು. ಹೇಳಿದ್ದರೆ ಅಂಬರೀಶ ಬೆನ್ನು ತಟ್ಟುತ್ತಿದ್ದ, ಸಾಹೇಬರು ಇನ್ನೊಮ್ಮೆ ದಿಲ್ ಎನ್ನುತ್ತಿದ್ದರು, ಗಡಿಗೆಪ್ಪ ಆಡಿ ಗೆಲ್ಲಿಸುತ್ತಿದ್ದ. ತಂಡದಲ್ಲಿ ಅವನಷ್ಟು ಚಲೋ ಆಡುವವರು ಇನ್ನೊಬ್ಬರಿಲ್ಲ. ಬಸ್ಸಿನಲ್ಲಿ ಬರುವಾಗ ಯಾರಾದರೂ ಕೇಳಿದ್ದರೂ ನಯೀಮ್ ಅದನ್ನೇ ಹೇಳುತ್ತಿದ್ದನೇನೋ. ಆದರೆ ಆ ಗಳಿಗೆಯಲ್ಲಿ ಅವನಿಗೆ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಅಣ್ಣ ಕಂಡ, ಚಪ್ಪಲಿ ಎತ್ತಿ ಹಿಡಿದು ಕೂಗಾಡುವ ಗಿರಾಕಿ ಕಂಡ, ಸಾರು ಬಡಿಸುತ್ತ ನೀವೇ ಅಲ್ಲವೇ ಚಲೋ ಆಡುವವರು ಎಂದ ಯಾಸ್ಮೀನಳ ಮುಖ ಕಂಡಿತು. ಇವತ್ತು ಒಂದೇ ದಿನ, ಒಂದೇ ಆಟ. ನೀರಿನಲ್ಲಿ ಮುಳುಗುವವನು ಪಕ್ಕದವನ ತಲೆಯ ಮೇಲೆ ಕಾಲಿಟ್ಟಾದರೂ ಮೇಲೆ ಬರುತ್ತಾನೆ. ಅವನು ಬಾಯಿ ತೆರೆದ. ಬಂದ ದನಿ ಅವನದಾಗಿರಲಿಲ್ಲ, ಶಕ್ತಿನಗರದ ಕ್ಯಾಪ್ಟನ್ನನದಾಗಿತ್ತು, ಅಷ್ಟೇ ಮೃದು, ಅಷ್ಟೇ ಬೆಲ್ಲ.

"ಗಡಿಗೆಪ್ಪ ಆರಾಮ ಕೂಡ್ಲಿ ಬಿಡ್ರಿ. ಪಾಪ, ರಾತ್ರಿಯೆಲ್ಲಾ ನಿದ್ದಿ ಇಲ್ಲ ಅವಂಗ."

ಅಂಬರೀಶ ತಲೆಯೆತ್ತಿ ಅವನನ್ನು ಮೊದಲ ಸಲ ಕಂಡವನಂತೆ ನೋಡಿದ. ಏನೋ ಹೇಳಹೊರಟು, ಕೇಳಿದವನು ತಾನೇ ಎಂದು ನೆನಪಾಗಿ ಮತ್ತೆ ಚಾಕ್ ತಿರುಗಿಸತೊಡಗಿದ. ಗಡಿಗೆಪ್ಪನ ಮುಖದಲ್ಲಿ ಏನಾದರೂ ಕಾಣಬಹುದೆಂದು ನಯೀಮ್ ಹೆದರುತ್ತಲೇ ನೋಡಿದ. ಬೇಸರ, ಸಿಟ್ಟು, ಕೊನೆಗೆ ಒಂದು ಹಂಗಿಸುವ ನಗೆ, ಏನಾದರೂ ಇದ್ದಿದ್ದರೆ ಉಸಿರಾಡಬಹುದಾಗಿತ್ತು. ಗಡಿಗೆಪ್ಪ ತಾನು ಆಗಲೇ ಆರಿಸಿ, ಬಟ್ಟೆಯಿಂದ ಒರೆಸಿ, ಚಾಕ್ ಹಚ್ಚಿ ಇಟ್ಟುಕೊಂಡಿದ್ದ ಸ್ಟಿಕ್ಕನ್ನು ನಯೀಮನಿಗೆ ಕೊಟ್ಟ. "ಇದು ಸೀದಾ ಅದ ಅಣ್ಣ, ಉಳಿದವು ಸೊಟ್ಟ ಅದಾವ" ಎಂದು ಹೇಳಿ ಮೂಲೆಯ ಬೆಂಚಿಗೆ ಹೋಗಿ ಕೂತ. ಎರಡು ಪಾಳಿ ದುಡಿದು, ಬಸ್ಸು ಹಿಡಿದು ಬಂದದ್ದು ಆ ಬೆಂಚಿನ ಮೇಲೆ ಕೂಡುವುದಕ್ಕಾಗಿಯೇ ಎಂಬಂತೆ ಕೂತ. ಮೊದಲ ಆಟ ಅರ್ಧವಾಗುವ ಹೊತ್ತಿಗೆ ಅವನ ತಲೆ ಗೋಡೆಗೆ ಒರಗಿ ಬಾಯಿ ತೆರೆದುಕೊಂಡಿತ್ತು.

ಅಂಬರೀಶ ಗೆದ್ದ. ಸಿರವಾರದ ಅಣ್ಣ ಗೆದ್ದ, ತಮ್ಮ ಸೋತ. ಕೊನೆಯ ಆಟ ನಯೀಮನಿಗೂ ಶರಣಯ್ಯ ತಾತನಿಗೂ. ಇದನ್ನು ಸೋತರೆ ಇಡೀ ಪಂದ್ಯ ಸಮವಾಗಿ ಮಾನ್ವಿಯ ಕತೆ ಮುಗಿಯುತ್ತಿತ್ತು. ಯಾಕೆ ಸೋತಿರಿ ಎಂದು ಊರಿನಲ್ಲಿ ಕೇಳಿದವರಿಗೆಲ್ಲ ಸಿರವಾರದವರು ಏನು ಹೇಳುತ್ತಾರೆಂದು ನಯೀಮನಿಗೆ ಬಾಯಿಪಾಠವಾಗಿತ್ತು. ತಾತ ಪ್ರತಿ ಹೊಡೆತಕ್ಕೂ ಮುಂಚೆ ಕೊರಳಿನ ಲಿಂಗದಕಾಯಿಯನ್ನು ಅಂಗಿಯ ಮೇಲಿನಿಂದ ಮುಟ್ಟಿಕೊಂಡು, ಬಗ್ಗಿ, ಬಹಳ ಹೊತ್ತು ನೋಡಿ ಹೊಡೆಯುತ್ತಿದ್ದರು. ಮೂರಕ್ಕೊಂದು ಬಾಲು ಬೀಳುತ್ತಿತ್ತು. ನಯೀಮ್ ಬಗ್ಗಿದ. ಕೈ ರೂಢಿಯಂತೆ ಬಲಕ್ಕೆ ಹೋಯಿತು. ಬಲಕ್ಕ ಹಿಡಿಬ್ಯಾಡ, ಗೋಡೌನಂತ ಮರತುಬಿಡು. ಅವನು ಸ್ಟಿಕ್ಕನ್ನು ಸರಿಸಿ ನೇರ ಹಿಡಿದ. ಬಾಲು ಪಾಕೆಟ್ಟಿಗೆ ಬಿದ್ದ ಸದ್ದು ಕೇಳಿ ಅವನಿಗೇ ನಂಬಿಕೆಯಾಗಲಿಲ್ಲ. ಇನ್ನೊಂದು ಹೊಡೆದ, ಅದೂ ಬಿತ್ತು. ವರ್ಷವೆಲ್ಲ ಸೋತದ್ದು ಕೂದಲೆಳೆಯಷ್ಟು ಬಲಕ್ಕೆ ವಾಲಿದ್ದರಿಂದಲೇ? ಇಷ್ಟನ್ನು ಯಾರೂ ಹೇಳಲಿಲ್ಲವೇ? ಹೇಳಿದವನು ಬಂದದ್ದೇ ಇವತ್ತು. ಬಂದವನನ್ನು ಕೂಡಿಸಿ ಅವನ ಸ್ಟಿಕ್ಕಿನಿಂದ, ಅವನ ಮಾತಿನಿಂದ ತಾನು ಗೆಲ್ಲುತ್ತಿದ್ದೇನೆ ಎಂದು ಹೊಳೆದಾಗ ಅವನಿಗೆ ಅಳು ಬಂತು. ಅಳಲಿಲ್ಲ, ಚಾಕ್ ಉಜ್ಜಿಕೊಂಡ.

ಕರಿ ಬಾಲು ಒಂದೇ ಉಳಿಯಿತು, ಮೂಲೆಯ ಪಾಕೆಟ್ಟಿನ ಎದುರಿಗೇ. ಮಕ್ಕಳೂ ಹಾಕುವಂಥದ್ದು. ಆ ಪಾಕೆಟ್ಟಿನ ಆಚೆಗೆ, ಸರಿಯಾಗಿ ಅದೇ ಗೆರೆಯಲ್ಲಿ, ಬೆಂಚಿನ ಮೇಲೆ ಗಡಿಗೆಪ್ಪ ನಿದ್ದೆ ಹೋಗಿದ್ದ. ಬಾಲು ನೋಡಿದರೆ ಅವನು ಕಾಣುತ್ತಿದ್ದ. ತಪ್ಪಿಸಿದರೆ ತಾನು ಕೂಡಬೇಕಾಗಿದ್ದವನು ಎಂದು ಎಲ್ಲರ ಮುಂದೆ ಸಾಬೀತಾಗುತ್ತದೆ. ಹಾಕಿದರೆ, ಗಡಿಗೆಪ್ಪನನ್ನು ಕೂಡಿಸಿದ್ದೇ ಸರಿ ಎಂದಾಗುತ್ತದೆ, ಅದಕ್ಕಿಂತ ದೊಡ್ಡ ಸುಳ್ಳನ್ನು ಈ ಜನ್ಮದಲ್ಲಿ ತಾನು ಆಡಿಲ್ಲ. ಎರಡರಲ್ಲಿ ಯಾವುದೂ ಆಗದೆ, ಬಗ್ಗಿದವನು ಬಗ್ಗಿದಂತೆಯೇ ಇದ್ದುಬಿಡುವುದಾದರೆ ಎಷ್ಟು ಚಲೋ ಎನ್ನಿಸಿತು. ಬೆನ್ನು ನೋಯತೊಡಗಿತು. "ಹೊಡೀರಿ ಭಾಯ್" ಎಂದ ಅಂಬರೀಶ ಹಿಂದಿನಿಂದ, ಉಸಿರು ಬಿಗಿಹಿಡಿದ ದನಿಯಲ್ಲಿ. ನಯೀಮ್ ಕಣ್ಣಿಗೆ ಕಂಡಲ್ಲಿ ನೇರ ಹೊಡೆದ. ಕರಿ ಬಾಲು ಬಿತ್ತು.

ಸಿರವಾರದವರು ಓಡಿಬಂದು ಅವನನ್ನು ಎತ್ತಿಕೊಂಡರು. ಶರಣಯ್ಯ ತಾತ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಏನು ಕೈ ರೀ ನಿಮ್ದು, ಇಷ್ಟ ದಿನ ಎಲ್ಲಿ ಮುಚ್ಚಿಟ್ಟಿದ್ರಿ" ಎಂದರು. ಅಂಬರೀಶ ಎಲ್ಲರಿಗೂ ಚಹಾ ಹೇಳಲು ಮೆಟ್ಟಿಲ ಕಡೆ ನಡೆಯುತ್ತ, ಅವನ ಬೆನ್ನ ಮೇಲೆ ಒಂದು ಏಟು ಹಾಕಿ, "ನಿಮ್ಮ ಲೆಕ್ಕ ಬರೋಬ್ಬರಿ ಇತ್ತು ನೋಡ್ರಿ ಭಾಯ್. ಯಾರ್ನ ಕೂಡಿಸಬೇಕು ಅನ್ನೋದು ನಿಮಗ ಗೊತ್ತಿತ್ತು" ಎಂದ. ಯಾರಿಗೂ ಯಾವ ಅನುಮಾನವೂ ಉಳಿಯಲಿಲ್ಲ. ವರ್ಷವೆಲ್ಲ ಬಯಸಿದ್ದೆಲ್ಲ ಒಂದೇ ಸಲಕ್ಕೆ ಸಿಕ್ಕಿತ್ತು. ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಅವನು ಸ್ಟಿಕ್ಕು ಹಿಡಿದುಕೊಂಡೇ ಮೂಲೆಯ ಬೆಂಚಿನ ಹತ್ತಿರ ಬಂದು ನಿಂತ.

ಗದ್ದಲಕ್ಕೆ ಗಡಿಗೆಪ್ಪನಿಗೆ ಅರೆ ಎಚ್ಚರವಾಗಿತ್ತು. ಕೆಂಪು ಕಣ್ಣು ಬಿಟ್ಟು ಸುತ್ತ ನೋಡಿದ. ಎಲ್ಲಿದ್ದೇನೆ, ಏನಾಯಿತು, ಏನೂ ನೆನಪಿರಲಿಲ್ಲ ಅವನಿಗೆ. ಎದುರಿಗೆ ನಯೀಮನನ್ನು ಕಂಡು ಗಡಬಡಿಸಿ ಎದ್ದು ನಿಲ್ಲಹೋಗಿ, ಮಸಿ ಮೆತ್ತಿದ ಕೈಯನ್ನು ಸ್ಟಿಕ್ಕಿಗಾಗಿ ಚಾಚಿದ.

"ಬಂತೇನಣ್ಣ, ನನ್ನ ಆಟ?"

ನಯೀಮ್ ಅವನ ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ ಕೂಡಿಸಿದ.

"ಇನ್ನೂ ಬಂದಿಲ್ಲ. ಟೈಮ್ ಅದ, ಮಲ್ಕೊ" ಎಂದ.

ಗಡಿಗೆಪ್ಪ ಅವನ ಮಾತು ನಂಬಿ ಕಣ್ಣು ಮುಚ್ಚಿದ.